ಬಾಣಂತಿ ಜ್ವರಕ್ಕೆ ಮದ್ದು ನಾಟದಿದ್ದಾಗ

ಒಂದು ಕಾಲಕ್ಕೆ ಹೆರಿಗೆ ವಾರ್ಡುಗಳಲ್ಲಿ ಬಾಣಂತಿಯರನ್ನು ಸಾಲುಸಾಲಾಗಿ ಬಲಿ ತೆಗೆದುಕೊಂಡ ಬ್ಯಾಕ್ಟೀರಿಯಾ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್. ಅದು ಇವತ್ತಿಗೂ ಪೆನಿಸಿಲಿನ್‌ಗೆ ಸಾಯುತ್ತದೆ. 1940ರ ದಶಕದಿಂದ ಜಗತ್ತೆಲ್ಲ ಈ ಔಷಧಿ ಬಳಸಿದ್ದೇವೆ, ಆದರೂ ತಪ್ಪಿಸಿಕೊಳ್ಳುವ ವಿದ್ಯೆ ಅದಕ್ಕೆ ಒಲಿದಿಲ್ಲ. ಹಾಗಿದ್ದ ಮೇಲೆ ಹೆರಿಗೆಯ ನಂತರದ ಸೋಂಕಿಗೆ ಮದ್ದು ನಾಟುತ್ತಿಲ್ಲ ಅನ್ನುವ ಮಾತು ಯಾಕೆ ಕೇಳಿಬರುತ್ತಿದೆ?

ಈಗ ತೊಂದರೆ ಕೊಡುತ್ತಿರುವುದು ಹೆಚ್ಚಾಗಿ ಬೇರೆ ಬ್ಯಾಕ್ಟೀರಿಯಾಗಳು. ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಕೆಲವೊಮ್ಮೆ ಸ್ಟ್ಯಾಫಿಲೊಕಾಕಸ್. ಮೊದಲಿನ ಎರಡು ನಮ್ಮ ಕರುಳಿನಲ್ಲೇ ಇರುವಂಥವು. ಅಲ್ಲಿದ್ದಷ್ಟು ಹೊತ್ತು ಸಾಮಾನ್ಯವಾಗಿ ಉಪದ್ರವ ಇಲ್ಲ.

ಹೆರಿಗೆ ಅವಕ್ಕೆ ದಾರಿ ತೆರೆದುಕೊಡುತ್ತದೆ. ಮಾಸು ಕಳಚಿಕೊಂಡ ಜಾಗ ಗರ್ಭಕೋಶದ ಒಳಗೆ ದೊಡ್ಡ ಹಸಿಗಾಯ. ಅಲ್ಲಿ ರಕ್ತ ಇದೆ, ಬಿಸುಪು ಇದೆ, ಗರ್ಭಕೋಶದ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ. ಮಾಸಿನ ಚೂರು ಒಳಗೇ ಉಳಿದರಂತೂ ಸೋಂಕಿಗೆ ಹಬ್ಬ. ಸಿಸೇರಿಯನ್ ಆದರೆ ಹೊಟ್ಟೆಯ ಮೇಲೆ ಇನ್ನೊಂದು ಗಾಯ. ಸಹಜ ಹೆರಿಗೆಗೆ ಹೋಲಿಸಿದರೆ ಸೋಂಕಿನ ಅಪಾಯ ಎಷ್ಟೋ ಪಟ್ಟು ಜಾಸ್ತಿ. ಆಮೇಲೆ ಜ್ವರ, ಚಳಿ, ಕಿಬ್ಬೊಟ್ಟೆ ನೋವು, ಕೆಟ್ಟ ವಾಸನೆಯ ಸ್ರಾವ. ಸೋಂಕು ರಕ್ತಕ್ಕೆ ಇಳಿದು ಅಂಗಾಂಗಗಳು ಸೋಲತೊಡಗಿದರೆ ಅದು ಸೆಪ್ಸಿಸ್. ಹೆರಿಗೆಯಾದ ಹೊಸದರಲ್ಲಿ ಬಿಳಿ ರಕ್ತಕಣಗಳು ಹೇಗೂ ಹೆಚ್ಚಿರುತ್ತವೆ, ಸುಸ್ತು ಇದ್ದೇ ಇರುತ್ತದೆ. ಹಾಗಾಗಿ ಶುರುವಿನ ಸುಳಿವುಗಳು ಸುಲಭವಾಗಿ ಕಣ್ತಪ್ಪುತ್ತವೆ. ಅಷ್ಟರಲ್ಲಿ ಎಷ್ಟೋ ಮಂದಿ ಡಿಸ್ಚಾರ್ಜ್ ಆಗಿ ಮನೆ ಸೇರಿರುತ್ತಾರೆ.

ಈ ಕರುಳಿನ ಬ್ಯಾಕ್ಟೀರಿಯಾಗಳ ಬಲ ಇರುವುದು ಅವುಗಳ ಕೊಡು-ಕೊಳ್ಳುವಿಕೆಯಲ್ಲಿ. ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಉಂಗುರವೊಂದಿದೆ. ಔಷಧಿಯನ್ನು ತುಂಡರಿಸುವ ಕಿಣ್ವದ ಜೀನ್ ಅದರಲ್ಲಿ ಕೂತಿರಬಹುದು. ಒಂದು ಬ್ಯಾಕ್ಟೀರಿಯಾ ಇದನ್ನು ಪಕ್ಕದ್ದಕ್ಕೆ ದಾಟಿಸುತ್ತದೆ, ಜಾತಿ ಬೇರೆಯಾದರೂ ಸರಿ. ಇಎಸ್‌ಬಿಎಲ್ ಎಂಬ ಕಿಣ್ವಗಳಿದ್ದರೆ ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಆಗ ವೈದ್ಯರು ಇನ್ನೂ ಬಲವಾದ ಮೆರೊಪೆನೆಮ್ ಎಂಬ ಆಂಟಿಬಯಾಟಿಕ್ ಕಡೆ ಹೋಗಬೇಕಾಗುತ್ತದೆ. ಎನ್‌ಡಿಎಂ ಕಿಣ್ವ ಅದನ್ನೂ ಒಡೆಯುತ್ತದೆ. ಆಮೇಲೆ ಉಳಿಯುವುದು ಕೈಬೆರಳೆಣಿಕೆಯ ಮದ್ದುಗಳು. ಅದರಲ್ಲೊಂದು ಕೊಲಿಸ್ಟಿನ್, ಅದು ಮೂತ್ರಪಿಂಡಕ್ಕೆ ಏಟು ಕೊಡಬಲ್ಲದು.

ಇನ್ನೊಂದು ಸಂಕಟ ಸಮಯದ್ದು. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಮದ್ದು ನಾಟುತ್ತದೆ ಎಂದು ತಿಳಿಸುವ ಕಲ್ಚರ್ ವರದಿ ಬರಲು ಸಾಮಾನ್ಯವಾಗಿ 2-3 ದಿನ ಬೇಕು. ಸೆಪ್ಸಿಸ್ ಅಷ್ಟು ಕಾಯುವುದಿಲ್ಲ. ಅನುಮಾನ ಬಲವಾಗಿದ್ದರೆ 1 ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು. ಅಂದರೆ ಮೊದಲ ಡೋಸ್ ಯಾವತ್ತೂ ಅಂದಾಜಿನದ್ದೇ. ಮದ್ದಿಗೆ ಬ್ಯಾಕ್ಟೀರಿಯಾಗಳ ಪ್ರತಿರೋಧ ಕಡಿಮೆ ಇದ್ದಾಗ ಈ ಅಂದಾಜು ಹೆಚ್ಚಾಗಿ ಸರಿಹೋಗುತ್ತಿತ್ತು. ಈಗ ಅಂದಾಜು ತಪ್ಪಿದರೆ, ವರದಿ ಬರುವವರೆಗಿನ ಆ ಎರಡು-ಮೂರು ದಿನ ತಾಯಿ ಸರಿಯಾದ ಮದ್ದಿಲ್ಲದೆ ಪೇಚಾಡಬೇಕು.

ಹಾಗಂತ ಹೆರಿಗೆಯಾದ ಎಲ್ಲರಿಗೂ ಯಾವುದಕ್ಕೂ ಇರಲಿ ಅಂತ ಐದು ದಿನದ ಕೋರ್ಸ್ ಬರೆದರೆ? ನನಗೆ ಸಿಟ್ಟು ಬರುವುದು ಇಲ್ಲೇ. ತೊಡಕಿಲ್ಲದ ಸಹಜ ಹೆರಿಗೆಗೆ ಆಂಟಿಬಯಾಟಿಕ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಸುಮ್ನೆ ಕೊಟ್ಟ ಮಾತ್ರೆ ಕರುಳಿನ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು, ಮದ್ದಿಗೆ ಜಗ್ಗದವಕ್ಕೆ ಜಾಗ ಮಾಡಿಕೊಡುತ್ತದೆ. ಅವು ತಾಯಿಯಿಂದ ಮಗುವಿಗೂ ದಾಟಬಹುದು.

ಸಿಸೇರಿಯನ್‌ಗೆ ಮಾತ್ರ ಔಷಧಿ ಬೇಕೇ ಬೇಕು. ಆದರೆ ಕತ್ತರಿಸುವ ಮೊದಲೇ ಕೊಡಬೇಕು, ಚರ್ಮ ಕೊಯ್ಯುವ ಹೊತ್ತಿಗೆ ಮದ್ದು ರಕ್ತದಲ್ಲಿ ಸಿದ್ಧವಾಗಿರಬೇಕು. ಸಾಮಾನ್ಯವಾಗಿ ಒಂದೇ ಡೋಸ್ ಸಾಕು. ಇಕ್ಕಳ ಅಥವಾ ವ್ಯಾಕ್ಯೂಮ್ ಬಳಸಿದ ಹೆರಿಗೆಯಲ್ಲೂ ಹೀಗೇ. ಬ್ರಿಟನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅನೋಡ್ ಅಧ್ಯಯನದಲ್ಲಿ, ಇಂಥ ಹೆರಿಗೆಯಾದ ಕೂಡಲೇ ಒಂದೇ ಡೋಸ್ ಕೊಟ್ಟಾಗ ಸೋಂಕು ಶೇ. 19ರಿಂದ ಶೇ. 11ಕ್ಕೆ ಇಳಿಯಿತು. ಆಮೇಲೆ ಸೋಂಕಿಗೆಂದು ಬಳಸಬೇಕಾದ ಔಷಧಿ ಇದಕ್ಕಿಂತ ಎಷ್ಟೋ ಹೆಚ್ಚಾಗುತ್ತಿತ್ತು, ಅಲ್ವಾ?

ತಲೆಕೆಡಿಸುವ ಪ್ರಶ್ನೆ ಇನ್ನೊಂದು ಆಂಟಿಬಯಾಟಿಕ್ ಆದ ಅಜಿತ್ರೊಮೈಸಿನ್‌ನದು. ಭಾರತವೂ ಸೇರಿ 7 ದೇಶಗಳ 29 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಸಹಜ ಹೆರಿಗೆಗೆ ಬಂದವರಿಗೆ ನೋವಿನ ವೇಳೆ 2 ಗ್ರಾಂ ಒಂದೇ ಸಲ ಕೊಟ್ಟರೆ, ತಾಯಿಗೆ ಸೆಪ್ಸಿಸ್ ಅಥವಾ ಸಾವು ಶೇ. 2.4ರಿಂದ 1.6ಕ್ಕೆ ಇಳಿಯಿತು. ಮಗುವಿಗೆ ಅಂಥ ಲಾಭ ಕಾಣಲಿಲ್ಲ. ಸೋಂಕಿನಿಂದ ತಾಯಂದಿರು ಹೆಚ್ಚು ಸಾಯುವ ಕಡೆ ಇದು ಸಣ್ಣ ಲಾಭವಲ್ಲ. ಆದರೆ ಎಲ್ಲ ಹೆರಿಗೆಗೂ ಕೊಡುತ್ತಾ ಹೋದರೆ ಪ್ರತಿರೋಧ ಎಲ್ಲಿಗೆ ಮುಟ್ಟೀತು ಅನ್ನುವ ಅಳುಕು ತಜ್ಞರಲ್ಲಿದೆ.

ಮದ್ದಿಲ್ಲದೆಯೂ ಸೋಂಕು ತಡೆಯಬಹುದು ಎಂದು 1847ರಲ್ಲೇ ಗೊತ್ತಾಗಿತ್ತು. ವಿಯೆನ್ನಾದಲ್ಲಿ ವೈದ್ಯ ಇಗ್ನಾಜ್ ಸೆಮ್ಮೆಲ್ವೈಸ್, ಶವಪರೀಕ್ಷೆ ಮಾಡಿ ಹೆರಿಗೆ ವಾರ್ಡಿಗೆ ಬರುವ ವೈದ್ಯ ವಿದ್ಯಾರ್ಥಿಗಳಿಗೆ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲು ಹೇಳಿದರು. ಆ ವರ್ಷದ ಏಪ್ರಿಲ್‌ನಲ್ಲಿ ಶೇ. 18ರ ಆಸುಪಾಸಿನಲ್ಲಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಶೇ. 2ರ ಹತ್ತಿರ ಬಂತು. ಆಗ ಆಂಟಿಬಯಾಟಿಕ್ ಇರಲೇ ಇಲ್ಲ. ಎನ್‌ಡಿಎಂ ಹೊತ್ತ ಬ್ಯಾಕ್ಟೀರಿಯಾ ಕೂಡ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೆಚ್ಚಾಗಿ ಕೈಯಿಂದ, ಸಲಕರಣೆಯಿಂದ, ಸಿಂಕಿನಿಂದಲೇ. ಅದನ್ನು ಮೆರೊಪೆನೆಮ್ ಕೊಲ್ಲದೇ ಇರಬಹುದು. ಕ್ಲೋರಿನ್ ಈಗಲೂ ಕೊಲ್ಲುತ್ತದೆ.