ಮಾರ್ಕ್ಸ್ ಬೇಡ, ರ್ಯಾಂಕ್ ಹೇಳಿ

ಕಳೆದ ತಿಂಗಳು ಕೊಲಂಬಸ್ಸಿನಿಂದ ಒಬ್ಬರು ಮಗನನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದರು. ದಾವಣಗೆರೆ ಕಡೆಯವರು, ಸಾಫ್ಟ್‌ವೇರ್ ಕೆಲಸ. ಕೋಟಿನ ಒಳಜೇಬಿನಿಂದ ಒಂದು ಕಾರ್ಡ್ ತೆಗೆದರು. ಸಿ.ಜೆ. ಸ್ಟ್ರೌಡ್‌ನ ಮೊದಲ ವರ್ಷದ ಕಾರ್ಡ್. ಅಮೆರಿಕನ್ ಫುಟ್ಬಾಲಿನಲ್ಲಿ ಚೆಂಡು ಎಸೆಯುವವನು, ಅಂದರೆ ಕ್ವಾರ್ಟರ್‌ಬ್ಯಾಕ್, ಅವನು. "ಇವನು ಹಾಲ್ ಆಫ್ ಫೇಮ್‌ಗೆ ಹೋಗೋದು ಗ್ಯಾರಂಟಿ ಅಲ್ವಾ? ಅಲ್ಲಿವರೆಗೆ ಇಟ್ಟುಕೊಂಡರೆ ಮಗನ ಕಾಲೇಜ್ ಫೀಸ್ ಬಂದುಬಿಡುತ್ತೆ" ಎಂದರು. ಹುಡುಗ ನಾಚಿಕೊಂಡು ಬೇರೆ ಕಡೆ ನೋಡಿದ.

ಕೂಸು ಹುಟ್ಟೋ ಮುಂಚೆ ಕುಲಾವಿ!

ಅಮೆರಿಕನ್ ಫುಟ್ಬಾಲ್ ಕಾರ್ಡುಗಳಿಗೆ ಬೆಲೆ ಕಟ್ಟುವುದು ನನ್ನ ಕಸುಬು. ಈ ಆಟದ ಅತಿ ದೊಡ್ಡ ಆಟಗಾರರನ್ನು ಆರಿಸಿ ಗೌರವಿಸುವ ಹಾಲ್ ಆಫ್ ಫೇಮ್ ಇರುವ ಕ್ಯಾಂಟನ್ ಊರು ನಮ್ಮ ಓಹಾಯೋದಲ್ಲೇ ಇದೆ. ಹಾಗಾಗಿ "ಇವನು ಹೋಗ್ತಾನಾ, ಅವನು ಹೋಗ್ತಾನಾ" ಎನ್ನುವ ಪ್ರಶ್ನೆ ಕೇಳದೆ ನನ್ನ ಒಂದು ಶನಿವಾರವೂ ಕಳೆಯುವುದಿಲ್ಲ. ಕೇಳುವುದು ತಪ್ಪಲ್ಲ. ಕೇಳುವಾಗ ಫೋನ್ ತೆಗೆದು ಅಂಕಿ ಓದುತ್ತಾರಲ್ಲ, ಅಲ್ಲಿ ನನಗೆ ತಲೆ ಕೆಡುತ್ತದೆ. ಚೆಂಡು ಮುಂದೆ ಸಾಗಿಸಿದ್ದು ಇಷ್ಟು ಸಾವಿರ ಯಾರ್ಡ್, ಕೊನೇ ಗೆರೆ ದಾಟಿಸಿ ಅಂಕ ತಂದದ್ದು ಇಷ್ಟು ಟಚ್‌ಡೌನ್, ಮುಗೀತು.

ಹೀಗೆ ಯೋಚಿಸಿ. ಒಂದು ಕಾಲದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಬೀದಿಗೆಲ್ಲ ಪೇಡ ಹಂಚುತ್ತಿದ್ದರು. ಈಗ 90 ಪರ್ಸೆಂಟ್ ಬಂದ ಮಗು ಮೂಲೆಯಲ್ಲಿ ಅಳುತ್ತಾ ಕೂತಿರುತ್ತದೆ. ಮಾರ್ಕ್ಸ್ ಮಾತ್ರ ಹೇಳಿದರೆ ಏನೂ ಗೊತ್ತಾಗುವುದಿಲ್ಲ. ಆ ವರ್ಷ ಆ ಪೇಪರ್ ಬರೆದವರಲ್ಲಿ ಎಷ್ಟನೆಯವನು ಅಂತ ಹೇಳಬೇಕು. ಕ್ವಾರ್ಟರ್‌ಬ್ಯಾಕ್ ಜೋ ನೇಮತ್ 1967ರಲ್ಲಿ 4,007 ಯಾರ್ಡ್ ಎಸೆದರು. ಆಗ ಸೀಸನ್ನಿಗೆ 14 ಪಂದ್ಯ. ಒಂದು ಸೀಸನ್ನಿನಲ್ಲಿ 4,000 ದಾಟಿದ ಮೊದಲಿಗ ಅವರೇ. ಎರಡನೆಯವರು ಬರಲು 1979 ಆಯಿತು. ನಡುವೆ 1978ರಲ್ಲಿ ಪಂದ್ಯ 16 ಆಯಿತು. ಚೆಂಡು ಹಿಡಿಯಲು ಓಡುವವನನ್ನು ಐದು ಯಾರ್ಡ್ ಆಚೆ ಮುಟ್ಟುವ ಹಾಗಿಲ್ಲ ಎಂಬ ನಿಯಮವೂ ಬಂತು. 2021ರಿಂದ ಪಂದ್ಯ 17. ಈಗ 4,000 ಎನ್ನುವುದು ವರ್ಷ ವರ್ಷ ಹಲವರು ದಾಟುವ ಗೆರೆ. ಸ್ಟ್ರೌಡ್ 2023ರಲ್ಲಿ 4,108 ಎಸೆದ. ಹೊಸ ಹುಡುಗನಿಗೆ ನಿಜಕ್ಕೂ ದೊಡ್ಡದು. ಮರುವರ್ಷ 3,727ಕ್ಕೆ ಇಳಿದ, ಎದುರಾಳಿಗೆ ಕೊಟ್ಟ ಚೆಂಡು 5ರಿಂದ 12ಕ್ಕೆ ಏರಿತು.

ಚೆಂಡು ಹಿಡಿದು ಓಡುವವರಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಟೆರೆಲ್ ಡೇವಿಸ್ ಆಡಿದ್ದು ಬರೀ 78 ಪಂದ್ಯ. ಒಟ್ಟು 7,607 ಯಾರ್ಡ್. ಮೊಣಕಾಲು ಕೈಕೊಟ್ಟಿತು. ಆದರೆ ಆಯಾ ವರ್ಷದ ಅತ್ಯುತ್ತಮರನ್ನು ಆರಿಸುವ ಪಟ್ಟಿಯಾದ ಆಲ್-ಪ್ರೋದ ಮೊದಲ ತಂಡದಲ್ಲಿ ಸತತ ಮೂರು ವರ್ಷ ಇದ್ದರು, 1998ರಲ್ಲಿ ಒಂದೇ ಸೀಸನ್ನಿನಲ್ಲಿ 2,008 ಯಾರ್ಡ್ ಓಡಿದರು. 2017ರಲ್ಲಿ ಕ್ಯಾಂಟನ್ ಬಾಗಿಲು ತೆಗೆಯಿತು. ಫ್ರಾಂಕ್ ಗೋರ್ ಓಡಿದ್ದು ಸರಿಯಾಗಿ 16,000 ಯಾರ್ಡ್, ಇತಿಹಾಸದಲ್ಲೇ ಮೂರನೆಯ ಸ್ಥಾನ, ಡೇವಿಸ್‌ನ ಎರಡರಷ್ಟಕ್ಕಿಂತ ಜಾಸ್ತಿ. ಆದರೆ ಆಲ್-ಪ್ರೋ ಮೊದಲ ತಂಡದಲ್ಲಿ ಒಂದು ವರ್ಷವೂ ಇಲ್ಲ. ಹನಿ ಹನಿಗೂಡಿ ಹಳ್ಳ ಆಗುವುದೇನೋ ನಿಜ. ಹಾಲ್ ಆಫ್ ಫೇಮ್‌ಗೆ ಮತ ಹಾಕುವವರು ಮಾತ್ರ ಮೊದಲು ಜೋಗ ನೋಡಲು ಬಂದವರ ಹಾಗೆ ರಭಸ ಹುಡುಕುತ್ತಾರೆ. ಗೋರ್ ಬಗ್ಗೆ ಹೀಗೆ ಬರೆಯಲು ಬೇಜಾರಾಗುತ್ತದೆ, ನನಗೆ ಬಹಳ ಇಷ್ಟದ ಆಟಗಾರ.

ಇಲ್ಲಿ ಒಂದು ಗೊಂದಲ. ಆಲ್-ಪ್ರೋ ಬೇರೆ, ತಾರೆಯರನ್ನು ಕರೆಸಿ ಆಡಿಸುವ ಪ್ರೋ ಬೌಲ್ ಬೇರೆ. ದಯವಿಟ್ಟು ಎರಡನ್ನೂ ಕೂಡಿಸಬೇಡಿ. ಆಲ್-ಪ್ರೋ ಮೊದಲ ತಂಡದಲ್ಲಿ ಇಡೀ ಲೀಗಿಗೆ ಒಬ್ಬನೇ ಕ್ವಾರ್ಟರ್‌ಬ್ಯಾಕ್. ಪ್ರೋ ಬೌಲ್‌ಗೆ ಕರೆದವರು ಗಾಯ, ಲೀಗಿನ ಫೈನಲ್ ಆದ ಸೂಪರ್ ಬೌಲ್ ಅಂತ ಒಬ್ಬೊಬ್ಬರೇ ತಪ್ಪಿಸಿಕೊಳ್ಳುತ್ತಾರೆ, ಬದಲಿಗೆ ಮುಂದಿನವರು ಬರುತ್ತಾರೆ. 2022ರ ಸೀಸನ್ನಿಗೆ ಹಾಗೆ ಬಂದವನು ಟೈಲರ್ ಹಂಟ್ಲಿ. ಆ ವರ್ಷ ಅವನು ಎಸೆದ ಟಚ್‌ಡೌನ್ ಎರಡು. ಎರಡೇ! ಮದುವೆಮನೆಯಲ್ಲಿ ಕೊನೇ ಪಂಕ್ತಿಗೆ ಎಲೆ ಉಳಿದಿದೆ ಅಂತ ದಾರಿಹೋಕರನ್ನು ಕೂರಿಸಿದ ಹಾಗೆ. ಅವನ ಮೇಲೆ ನನಗೇನೂ ಸಿಟ್ಟಿಲ್ಲ, ಕರೆದರೆ ಯಾರು ಬಿಡುತ್ತಾರೆ.

ಸೂಪರ್ ಬೌಲ್ ಗೆದ್ದವರಿಗೆ ಸಿಗುವ ಉಂಗುರವೂ ಅಷ್ಟೇ. ಜಿಮ್ ಪ್ಲಂಕೆಟ್ ಕ್ವಾರ್ಟರ್‌ಬ್ಯಾಕ್ ಆಗಿ ಎರಡು ಗೆದ್ದರು, ಇನ್ನೂ ಹೊರಗೇ ಇದ್ದಾರೆ.

ಹಾಗಾದರೆ ಈಗ ಆಡುತ್ತಿರುವವರಲ್ಲಿ ಯಾರು? ಮೂರು ಸೂಪರ್ ಬೌಲ್, ಎರಡು ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ) ಇರುವ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಬಗ್ಗೆ ಕೇಳಿ ನನ್ನ ಸಮಯ ಹಾಳು ಮಾಡಬೇಡಿ. ಲಾಮಾರ್ ಜಾಕ್ಸನ್‌ಗೆ ಉಂಗುರ ಇಲ್ಲ ಅಂತ ಮೂಗು ಮುರಿಯುವವರು ತುಂಬಾ ಜನ. ಆದರೆ 2019, 2023 ಎರಡೂ ವರ್ಷ ಅವನು ಎಂವಿಪಿ. ಒಂದಕ್ಕಿಂತ ಜಾಸ್ತಿ ಎಂವಿಪಿ ಗೆದ್ದು, ನಿವೃತ್ತಿಯಾಗಿ, ಕಾಯುವ ಐದು ವರ್ಷ ಮುಗಿಸಿದ ಪ್ರತಿಯೊಬ್ಬರೂ ಒಳಗಿದ್ದಾರೆ. ಹಾಗಾಗಿ ಅವನ ಕಾರ್ಡ್ ಮಾರಲು ನಾನು ಯಾರಿಗೂ ಹೇಳುವುದಿಲ್ಲ. ಕೊಳ್ಳಲೂ ಹೇಳುವುದಿಲ್ಲ. ಬೆಲೆ ಬೇರೆ, ಗೌರವ ಬೇರೆ. ಜಸ್ಟಿನ್ ಜೆಫರ್ಸನ್ ಮೊದಲ ಮೂರು ವರ್ಷಕ್ಕೆ 4,825 ಯಾರ್ಡ್ ಹಿಡಿದ, ಅದು ದಾಖಲೆ. ಆದರೂ ಚೆಂಡು ಹಿಡಿಯುವವರ ವಿಷಯದಲ್ಲಿ ನಾನು ಬಾಯಿ ಬಿಗಿ ಹಿಡಿಯುತ್ತೇನೆ. ಅವರ ಸಾಲು ಬಲು ಉದ್ದ. ವರ್ಷಕ್ಕೆ ಆಧುನಿಕ ಕಾಲದ ಆಟಗಾರರಿಗೆ ಹೆಚ್ಚೆಂದರೆ ಐದು ಜಾಗ, 80 ಪರ್ಸೆಂಟ್ ಮತ ಬೇಕು. ಟಾರಿ ಹೋಲ್ಟ್ ಸತತ ಆರು ವರ್ಷ 1,300 ಯಾರ್ಡ್ ದಾಟಿದವರು. ಎರಡು ವರ್ಷದೊಳಗೆ ಒಳಗೆ ಹೋಗುತ್ತಾರೆ ಅಂತ ನಾನೇ ಒಬ್ಬ ಗಿರಾಕಿಗೆ ಎದೆ ತಟ್ಟಿ ಹೇಳಿದ್ದೆ. ಹೋಲ್ಟ್ 2015ರಿಂದ ಸಾಲಿನಲ್ಲಿದ್ದಾರೆ. ಆ ಗಿರಾಕಿ ಈಗಲೂ ಬರುತ್ತಾರೆ, ಪ್ರತಿ ಸಲ ನೆನಪಿಸುತ್ತಾರೆ.

ಇಷ್ಟೆಲ್ಲ ದಾವಣಗೆರೆಯವರಿಗೂ ಹೇಳಿದೆ. ಸ್ಟ್ರೌಡ್‌ಗೆ ಇನ್ನೂ ವಯಸ್ಸಿದೆ, ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ, ಕಾಲೇಜ್ ಫೀಸ್ ಮಾತ್ರ ಬೇರೆ ಕಡೆ ಕೂಡಿಡಿ ಎಂದೆ. ಅವರ ಮುಖ ಸಣ್ಣದಾಯಿತು. ಅಲ್ಲಿವರೆಗೆ ಸುಮ್ನೆ ಇದ್ದ ಹುಡುಗ ಕೇಳಿದ, "ಅಂಕಿನೇ ಇಲ್ಲದವರನ್ನ ಹೇಗೆ ನೋಡ್ತೀರಿ? ಟ್ರೆಂಟ್ ವಿಲಿಯಮ್ಸ್ ಥರದವರನ್ನ?"

ನನಗೆ ಕುರ್ಚಿಯಿಂದ ಎದ್ದು ಅವನ ಕೈ ಕುಲುಕಬೇಕು ಅನ್ನಿಸಿತು. ಕ್ವಾರ್ಟರ್‌ಬ್ಯಾಕ್‌ಗೆ ಅಡ್ಡ ನಿಂತು ಏಟು ತಡೆಯುವವರು ಚೆಂಡು ಮುಟ್ಟುವುದೇ ಇಲ್ಲ. ಅವರಿಗೆ ಯಾರ್ಡ್ ಇಲ್ಲ, ಟಚ್‌ಡೌನ್ ಇಲ್ಲ. ಉಳಿಯುವುದು ರ್ಯಾಂಕ್ ಒಂದೇ. ವಿಲಿಯಮ್ಸ್ 2021, 2022, 2023 ಮೂರೂ ವರ್ಷ ಆಲ್-ಪ್ರೋ ಮೊದಲ ತಂಡ. ನನ್ನ ಪಟ್ಟಿಯಲ್ಲಿ ಬಹಳ ಮೇಲಿದ್ದಾನೆ. ಅಂಥವರ ಕಾರ್ಡ್ ಕೇಳುವವರಿಲ್ಲ, ಹಿಂದಿನ ಡಬ್ಬದಲ್ಲಿ ಚಿಲ್ಲರೆ ಬೆಲೆಗೆ ಬಿದ್ದಿರುತ್ತವೆ. ಹುಡುಗ ಹತ್ತು ನಿಮಿಷ ಹುಡುಕಿ ಎರಡು ತೆಗೆದ. ದುಡ್ಡು ತಾನೇ ಕೊಟ್ಟ. ಅಪ್ಪ ಸ್ಟ್ರೌಡ್‌ನನ್ನು ಮತ್ತೆ ಒಳಜೇಬಿಗೆ ಸೇರಿಸಿ, ಊಟಕ್ಕೆ ಹತ್ತಿರದಲ್ಲಿ ದೋಸೆ ಎಲ್ಲಿ ಸಿಗುತ್ತೆ ಅಂತ ಕೇಳಿದರು.