ಅತ್ತೆಯ ಕಾಲಲ್ಲಿ ಜವಳು

ಹೋದ ಬೇಸಿಗೆಯಲ್ಲಿ ನಮ್ಮ ಸೋದರತ್ತೆ ದಾವಣಗೆರೆಗೆ ಬಂದಿದ್ದರು. ಮಲೇಬೆನ್ನೂರು ಕಡೆಯವರು. ಬಂದವರೇ ಗೋಡೆಗೆ ಒರಗಿ ಕಾಲು ಚಾಚಿ ಕೂತರು. ಹವಾಯಿ ಚಪ್ಪಲಿಯ ಬಾರು ಪಾದದ ಮೇಲೆ ಅಚ್ಚು ಒತ್ತಿತ್ತು. ಕಾಲುಂಗುರ ಬೆರಳೊಳಗೆ ಹೂತು ಹೋಗಿತ್ತು. ಕಣಕಾಲಿನ ಮೂಳೆ ಪಕ್ಕ ಹೆಬ್ಬೆರಳು ಇಟ್ಟು ಒತ್ತಿ, ಹತ್ತು ಎಣಿಸಿ ತೆಗೆದೆ. ಚಪಾತಿ ಹಿಟ್ಟಿಗೆ ಒತ್ತಿದ ಹಾಗೆ ಗುಳಿ ಅಲ್ಲೇ ಉಳಿಯಿತು.

"ಕಿಡ್ನಿ ಹೋಗಿದೆ ಕಣೋ" ಅಂದರು, ಹಾಲು ಒಡೆದಿದೆ ಅನ್ನುವಷ್ಟು ಸಲೀಸಾಗಿ.

ಯಾರು ಹೇಳಿದ್ದು? ಪಕ್ಕದ ಮನೆಯವರು. ಬಿಪಿ ಮಾತ್ರೆ ತಿಂದರೆ ಕಿಡ್ನಿ ಹಾಳಾಗುತ್ತದಂತೆ, ಕಾಲು ಬಾತಿದ್ದೇ ಅದಕ್ಕೆ ಸಾಕ್ಷಿಯಂತೆ. ಅತ್ತೆ ಸುಮ್ನೆ ನಂಬಿದವರಲ್ಲ, ಪ್ರಯೋಗ ಮಾಡಿ ನೋಡಿದ್ದರು. ಸಂಕ್ರಾಂತಿ ಹೊತ್ತಿಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟಿದ್ದಾರೆ. ಬಾವು ಇಳಿಯಿತು. ಮತ್ತೆ ಶುರು ಮಾಡಿದಾಗ ಬಾವು ಬಂತು. ಇನ್ನೇನು ಬೇಕು? ಪ್ರಯೋಗ ಸರಿಯಾಗಿಯೇ ಇತ್ತು, ತೀರ್ಮಾನ ಮಾತ್ರ ತಪ್ಪು. ಬಾವು ಮಾತ್ರೆಯಿಂದಲೇ ಬಂದದ್ದು. ಆದರೆ ಕಿಡ್ನಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಮಾತ್ರೆಯ ಹೆಸರು ಅಮ್ಲೋಡಿಪಿನ್, 10 ಮಿಲಿಗ್ರಾಂ. ನಮ್ಮ ಬೀದಿಯಲ್ಲೇ ಹತ್ತು ಮನೆಗಳಲ್ಲಿ ಅದರ ಸ್ಟ್ರಿಪ್ ಸಿಗುತ್ತದೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಓದಿದವನು. ಈ ಬಾವಿನ ಕಥೆ ನನಗೆ ಎಷ್ಟು ಇಷ್ಟ ಅಂದರೆ ಯಾರಾದರೂ ಕಾಲು ತೋರಿಸಿದರೆ ಸಾಕು, ಶುರು ಮಾಡಿಬಿಡುತ್ತೇನೆ. ಅತ್ತೆಗೂ ಶುರು ಮಾಡಿದೆ.

ಅವರದು ಭದ್ರಾ ಕಾಲುವೆಯ ಊರು. ಲಕ್ಕವಳ್ಳಿ ಡ್ಯಾಮಿನಿಂದ ನೀರು ಬರುತ್ತದೆ, ದೊಡ್ಡ ಕಾಲುವೆ, ಸಣ್ಣ ಕಾಲುವೆ, ಆಮೇಲೆ ತೂಬು, ಆಮೇಲೆ ಗದ್ದೆ. ಗದ್ದೆಯ ಇನ್ನೊಂದು ಕಡೆ ಬಸಿಗಾಲುವೆ. ನಮ್ಮ ರಕ್ತದ ವ್ಯವಸ್ಥೆಯೂ ಹೆಚ್ಚುಕಡಿಮೆ ಹೀಗೇ ಇದೆ. ಹೃದಯ ಡ್ಯಾಮು. ದೊಡ್ಡ ರಕ್ತನಾಳಗಳು ಕಾಲುವೆ. ಕೊನೆಗೆ ಬರುವ ಕೂದಲೆಳೆಯಂಥ ಸಣ್ಣ ನಾಳಗಳಿಗೆ ಗೋಡೆಯಲ್ಲಿ ಮಾಂಸಖಂಡ ಇರುತ್ತದೆ, ಅವು ಬಿಗಿಯಬಲ್ಲವು, ಸಡಿಲವೂ ಆಗಬಲ್ಲವು. ಅವೇ ತೂಬುಗಳು. ತೂಬು ದಾಟಿದರೆ ಕ್ಯಾಪಿಲರಿ ಎಂಬ ಗದ್ದೆ, ಇಲ್ಲಿ ನಾಳದ ಗೋಡೆ ಎಷ್ಟು ತೆಳು ಅಂದರೆ ನೀರು ಆಚೆಗೆ ಜಿನುಗುತ್ತಲೇ ಇರುತ್ತದೆ. ಗದ್ದೆಯಿಂದ ಹೊರಗೆ ಹೋಗುವ ಅಭಿಧಮನಿ, ಅಂದರೆ ವೇಯ್ನ್, ಬಸಿಗಾಲುವೆ.

ಅತ್ತೆಯ ತೂಬುಗಳೆಲ್ಲ ಬಿಗಿದಿದ್ದವು. ಮುಂದೆ ದಾರಿ ಇಲ್ಲದೆ ಹಿಂದಿನ ಕಾಲುವೆಯಲ್ಲಿ ಒತ್ತಡ ಏರಿತ್ತು, ಅದೇ ಬಿಪಿ. ಅಮ್ಲೋಡಿಪಿನ್ ಬಂದು ತೂಬು ತೆರೆಯಿತು. ಕಾಲುವೆಯ ಒತ್ತಡ ಇಳಿಯಿತು, ಸರಿ. ಆದರೆ ಅದು ತೆರೆಯುವುದು ತೂಬನ್ನು ಮಾತ್ರ. ಬಸಿಗಾಲುವೆಯ ಮೇಲೆ ಅದರ ಕೈ ಅಷ್ಟಾಗಿ ನಡೆಯುವುದಿಲ್ಲ. ಒಳಗೆ ಬರುವ ದಾರಿ ಅಗಲವಾಯಿತು, ಹೊರಗೆ ಹೋಗುವ ದಾರಿ ಇದ್ದಷ್ಟೇ ಉಳಿಯಿತು. ಗದ್ದೆ ಏನಾಗುತ್ತದೆ?

"ಜವಳಾಗ್ತದೆ" ಅಂದರು ಅತ್ತೆ.

ಅಷ್ಟೇ! ಕಾಲಿಗೆ ಜವಳು ಹಿಡಿದಿದೆ. ಮೈಯಲ್ಲಿ ನೀರು ಜಾಸ್ತಿಯಾಗಿಲ್ಲ, ಇದ್ದ ನೀರು ನಾಳದಿಂದ ಆಚೆ ಜಿನುಗಿ ಚರ್ಮದಡಿ ನಿಂತಿದೆ.

ತೂಬು ತೆರೆಯುವುದು ಹೇಗೆ ಅಂತ ಕೇಳಿದರೆ ಲಂಡನ್ನಿಗೆ ಹೋಗಬೇಕಾಗುತ್ತದೆ. 1882ರಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯ ಕಪ್ಪೆಯ ಹೃದಯವನ್ನು ದೇಹದಿಂದ ಹೊರತೆಗೆದು ಉಪ್ಪುನೀರಲ್ಲಿ ಬಡಿಯುವಂತೆ ಮಾಡಿದ, ಲೇಖನವನ್ನೂ ಬರೆದ. ಆಮೇಲೆ ಗೊತ್ತಾಯಿತು, ಆ ಉಪ್ಪುನೀರನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿರಲಿಲ್ಲ. ಅದು ಲಂಡನ್ನಿನ ನಲ್ಲಿ ನೀರು! ಶುದ್ಧ ನೀರಿನಲ್ಲಿ ಮಾಡಿ ನೋಡಿದರೆ ಹೃದಯ ಸೋತು ನಿಂತುಹೋಗುತ್ತಿತ್ತು. ನಲ್ಲಿ ನೀರಲ್ಲಿ ಇದ್ದ, ಶುದ್ಧ ನೀರಲ್ಲಿ ಇಲ್ಲದ ಆ ವಸ್ತು ಕ್ಯಾಲ್ಸಿಯಂ. ನಮ್ಮ ಬೋರ್‌ವೆಲ್ ನೀರು ಕಾಯಿಸಿದರೆ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಗಡಸು. 1883ರಲ್ಲಿ ರಿಂಗರ್ ತನ್ನ ತಪ್ಪನ್ನು ತಾನೇ ಬರೆದು ಅಚ್ಚು ಹಾಕಿಸಿದ. ಚಿತ್ರದುರ್ಗದ ಗಡಸು ನೀರಲ್ಲಿ ಮಾಡಿದ್ದರೂ ಆ ಕಪ್ಪೆ ಹೃದಯ ಚೆನ್ನಾಗಿಯೇ ಬಡಿಯುತ್ತಿತ್ತೇನೋ.

ಮಾಂಸಖಂಡ ಬಿಗಿಯಬೇಕಾದರೆ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗಬೇಕು. ಹೊರಗೆ ಒಳಗಿಗಿಂತ ಸುಮಾರು 10,000 ಪಟ್ಟು ಜಾಸ್ತಿ ಕ್ಯಾಲ್ಸಿಯಂ ಇರುತ್ತದೆ, ಬಾಗಿಲು ಒಂಚೂರು ತೆರೆದರೆ ಸಾಕು, ಜಾತ್ರೆ ಬಸ್ಸಿಗೆ ಜನ ನುಗ್ಗಿದ ಹಾಗೆ ನುಗ್ಗುತ್ತದೆ. ಆ ಬಾಗಿಲನ್ನು ಅಡ್ಡಗಟ್ಟುವ ಔಷಧಗಳನ್ನು 1960ರ ದಶಕದಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಗುರುತಿಸಿದರು. ಅಮ್ಲೋಡಿಪಿನ್ ಅದೇ ಮನೆತನದ್ದು, ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿದ್ದು 1992ರಲ್ಲಿ. ಈ ಮನೆತನದ ಕ್ಯಾಲ್ಸಿಯಂ ಚಾನಲ್ ಬ್ಲಾಕರ್ ಅನ್ನುವ ಹೆಸರು ಕೇಳಿ, ಮೂಳೆ ಸವೆಯುತ್ತದೆ ಅಂತ ಹೆದರುವವರೂ ಇದ್ದಾರೆ, ಬಿಪಿ ಏರುತ್ತದೆ ಅಂತ ರಾಗಿ, ಹಾಲು ಬಿಟ್ಟವರೂ ಇದ್ದಾರೆ. ಎರಡೂ ಬೇಡ. ಇದು ಬಾಗಿಲ ವಿಷಯ, ಉಗ್ರಾಣದ್ದಲ್ಲ.

ಈಗ ಕಾಲೇ ಯಾಕೆ, ಮೊಣಕೈ ಯಾಕಲ್ಲ? ನಿಂತಾಗ ಹೃದಯದಿಂದ ಪಾದದವರೆಗೆ ರಕ್ತದ ಕಂಬ ನಿಲ್ಲುತ್ತದೆ. ಓವರ್‌ಹೆಡ್ ಟ್ಯಾಂಕಿಗೆ ತಳದ ನಲ್ಲಿಯೇ ಜೋರು ಅಲ್ವಾ? ಅಲುಗದೆ ನಿಂತರೆ ಪಾದದ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಾಗುತ್ತದೆ. ಸಾಮಾನ್ಯವಾಗಿ ನಾವು ಎದ್ದು ನಿಂತ ಕೂಡಲೇ ಕಾಲಿನ ತೂಬುಗಳು ತಾವಾಗಿಯೇ ಬಿಗಿದು ಗದ್ದೆಯನ್ನು ಕಾಪಾಡುತ್ತವೆ. ತೂಬು ಕಾಯುವ ಒಳ್ಳೆಯ ನೀರುಗಂಟಿ ಇದ್ದ ಹಾಗೆ. ಅಮ್ಲೋಡಿಪಿನ್ ಆ ನೀರುಗಂಟಿಗೆ ಜೋಂಪು ಹತ್ತಿಸುತ್ತದೆ. ಅದಕ್ಕೇ ಬೆಳಿಗ್ಗೆ ಕಡಿಮೆ, ಸಂಜೆ ಜಾಸ್ತಿ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕಾವಲಿ ಮುಂದೆ ಇಡೀ ದಿನ ನಿಲ್ಲುವವರು ಈ ಮಾತ್ರೆ ತಿಂದರೆ ಇನ್ನೂ ಜಾಸ್ತಿ, ಯಾಕೆಂದರೆ ಬಿಸಿಗೂ ನಾಳಗಳು ಅರಳುತ್ತವೆ. ನಡೆದರೆ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕುಂದವಾಡ ಕೆರೆಗೆ ಒಂದು ಸುತ್ತು ಹಾಕಿದರೆ ಒಳ್ಳೆಯದು, ಏರಿ ಮೇಲೆ ನಿಂತು ರಾಜಕೀಯ ಮಾತಾಡಿದರೆ ಪ್ರಯೋಜನವಿಲ್ಲ.

ಡೋಸ್ ಏರಿದಷ್ಟೂ ಬಾವು ಏರುತ್ತದೆ. ಪರೀಕ್ಷೆಗಳಲ್ಲಿ 5 ಮಿಲಿಗ್ರಾಂ ತೆಗೆದುಕೊಂಡ ನೂರು ಜನರಲ್ಲಿ ಸುಮಾರು 3 ಜನಕ್ಕೆ ಬಾವು ಬಂದರೆ 10 ಮಿಲಿಗ್ರಾಂನಲ್ಲಿ ಸುಮಾರು 11 ಜನಕ್ಕೆ ಬಂತು. ಹೆಂಗಸರಿಗೆ ಗಂಡಸರ ಎರಡು ಪಟ್ಟಿಗಿಂತ ಹೆಚ್ಚು. ಮುಖ ಕೆಂಪೇರುವುದು, ತಲೆನೋವು, ಎದೆ ಡವಗುಟ್ಟುವುದು, ಅಪರೂಪಕ್ಕೆ ವಸಡು ದಪ್ಪವಾಗುವುದು, ಇವೂ ಇವೆ.

ಇಷ್ಟೊತ್ತಿಗೆ ಅತ್ತೆ ಚೀಲದಿಂದ ಇನ್ನೊಂದು ಸ್ಟ್ರಿಪ್ ತೆಗೆದರು. ಬಾವಿಗೆ ಅಂತ ಮೆಡಿಕಲ್ ಶಾಪಿನವರು ಕೊಟ್ಟದ್ದು, ಮೂತ್ರ ಜಾಸ್ತಿ ಹೋಗುವ ಮಾತ್ರೆ. ಚೀಟಿ ಇಲ್ಲ, ಏನಿಲ್ಲ. ನನಗೆ ಸಿಟ್ಟು ಬಂತು. ಗದ್ದೆ ಜವಳಾಗಿದೆ ಅಂತ ಯಾರಾದರೂ ಲಕ್ಕವಳ್ಳಿ ಡ್ಯಾಮ್ ಖಾಲಿ ಮಾಡಿಸುತ್ತಾರಾ? ಬಾವು ಅಷ್ಟಾಗಿ ಇಳಿದಿರಲಿಲ್ಲ, ಬದಲಿಗೆ ಬಚ್ಚಲಲ್ಲಿ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಎರಡು ಸಲ ಗೋಡೆ ಹಿಡಿದಿದ್ದರು. ನಮ್ಮೂರ ಏಪ್ರಿಲ್ ಬಿಸಿಲು, ಬೆವರು, ಅದರ ಮೇಲೆ ಈ ಮಾತ್ರೆ. ಮೂತ್ರದ ಜೊತೆ ಹೋಗಿ ರಕ್ತದ ಪೊಟ್ಯಾಸಿಯಂ ಇಳಿದರೆ ಅದಕ್ಕೆ ಇನ್ನೊಂದು ಔಷಧ. ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಅಂತ ತಿಳಿದು ಎರಡನೆಯ ಮಾತ್ರೆ, ಎರಡನೆಯದಕ್ಕೆ ಮೂರನೆಯದು.

ನಿಜವಾದ ದಾರಿ ಬಸಿಗಾಲುವೆಯದು. ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ತರದ ಬಿಪಿ ಔಷಧಗಳು ಹೊರಗೆ ಹೋಗುವ ನಾಳವನ್ನೂ ಸಡಿಲಿಸುತ್ತವೆ. ಅದಕ್ಕೇ ಡಾಕ್ಟರು ಎಷ್ಟೋ ಸಲ ಅಮ್ಲೋಡಿಪಿನ್ ಕಡಿಮೆ ಮಾಡಿ ಇವುಗಳಲ್ಲಿ ಒಂದನ್ನು ಜೊತೆಗೆ ಕೊಡುತ್ತಾರೆ. ಇವಕ್ಕೂ ತಮ್ಮದೇ ತಕರಾರು ಇದೆ: ರಾಮಿಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತದೆ, ಗರ್ಭಿಣಿಯರು ಎರಡನ್ನೂ ತೆಗೆದುಕೊಳ್ಳಬಾರದು, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ ಪರೀಕ್ಷೆ ಮಾಡಿಸುತ್ತಿರಬೇಕು. ತುಟಿ, ನಾಲಿಗೆ ಊದಿಕೊಂಡರೆ ನಾಳೆ ನೋಡೋಣ ಅನ್ನದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಾಗಂತ ಎಲ್ಲ ಕಾಲುಬಾವನ್ನೂ ಅಮ್ಲೋಡಿಪಿನ್ ತಲೆಗೆ ಕಟ್ಟಬೇಡಿ. ಒಂದೇ ಕಾಲು ಬಾತು ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಮಲಗಿದರೆ ಉಸಿರು ಕಟ್ಟಿದರೆ ಹೃದಯ ನೋಡಿಸಬೇಕು. ಬೆಳಿಗ್ಗೆ ಎದ್ದಾಗ ಮುಖ, ಕಣ್ಣಿನ ಸುತ್ತ ಬಾತು, ಮೂತ್ರದಲ್ಲಿ ನೊರೆ ನಿಂತರೆ ಆಗ ಕಿಡ್ನಿಯ ಮಾತು. ಅತ್ತೆಗೆ ಇವು ಯಾವುದೂ ಇರಲಿಲ್ಲ. ಕಿಡ್ನಿಯನ್ನು ಕೆಡಿಸುವುದು ವರ್ಷಗಟ್ಟಲೆ ಇಳಿಯದ ಬಿಪಿ. ಜೊತೆಗೆ ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್. ಅವು ಬಿಪಿಯನ್ನೂ ಏರಿಸುತ್ತವೆ. ಈ ನೋವಿನ ಮಾತ್ರೆಗಳ ಬಗ್ಗೆ ಪಕ್ಕದ ಮನೆಯವರು ಏನೂ ಹೇಳಿರಲಿಲ್ಲ.

ಸಂಕ್ರಾಂತಿಯ ಪ್ರಯೋಗದ ಬಾಕಿ ಕಥೆ ಆಮೇಲೆ ಹೊರಬಂತು. ಮಾತ್ರೆ ಬಿಟ್ಟ ಎರಡು ದಿನ ಬಿಪಿ ಏರಿರಲಿಲ್ಲ, "ನೋಡು, ಏನೂ ಆಗಲಿಲ್ಲ" ಅಂತ ಧೈರ್ಯ ಬಂದಿದೆ. ಅಮ್ಲೋಡಿಪಿನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಕಾಲುವೆ ನಿಲ್ಲಿಸಿದ ಮಾರನೇ ದಿನ ಗದ್ದೆ ಬಿರುಕು ಬಿಡುವುದಿಲ್ಲವಲ್ಲ, ಹಾಗೆ. ಹನ್ನೆರಡನೇ ದಿನ ನೋಡಿದರೆ 190ಕ್ಕೆ 110. ಇದೇ ಕಾರಣಕ್ಕೆ ಒಂದು ದಿನ ಮರೆತರೆ ಗಾಬರಿ ಬೇಡ, ಮಾರನೇ ದಿನ ಎರಡು ನುಂಗುವುದೂ ಬೇಡ.

ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರು, ಕಿಡ್ನಿ ಸರಿಯಾಗಿತ್ತು. ಅಮ್ಲೋಡಿಪಿನ್ 5ಕ್ಕೆ ಇಳಿಸಿ ಟೆಲ್ಮಿಸಾರ್ಟಾನ್ ಸೇರಿಸಿದರು, ಅಂಗಡಿಯ ಮಾತ್ರೆಗಳನ್ನು ನಿಲ್ಲಿಸಿದರು. ಒಂದು ತಿಂಗಳ ಮೇಲೆ ಅತ್ತೆ ಫೋನ್ ಮಾಡಿದ್ದರು. ಕಾಲುಂಗುರ ಈಗ ತಿರುಗುತ್ತದಂತೆ. ಪಕ್ಕದ ಮನೆಯವರಿಗೂ ತೂಬಿನ ಕಥೆ ಹೇಳಿದ್ದಾರೆ. ಅವರು ಪೂರ್ತಿ ಕೇಳಿ, ಹಾಗಾದರೆ ನಮ್ಮ ಗದ್ದೆಗೆ ಯಾವ ಮಾತ್ರೆ ಹಾಕಬೇಕು ಅಂತ ಕೇಳಿದರಂತೆ.