ಶರಾವತಿ: ಹೊಸ ಯೋಜನೆಯ ಹಿಂದಿರುವ ಹಳೆಯ ಬಾಕಿ

ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆ (ನೀರನ್ನು ಮೇಲಕ್ಕೆತ್ತಿಟ್ಟು, ಬೇಕಾದಾಗ ಕೆಳಗಿಳಿಸಿ ವಿದ್ಯುತ್ ಪಡೆಯುವ ಯೋಜನೆ) ಬೇಕೇ ಬೇಡವೇ ಎಂಬ ಚರ್ಚೆ ಈಗ ವಿದ್ಯುತ್ತಿನ ಲೆಕ್ಕಾಚಾರವನ್ನು ಮೀರಿ ಬೆಳೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ಸಾಗರ ಮತ್ತು ಹೊನ್ನಾವರ ತಾಲ್ಲೂಕುಗಳಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ವಿರೋಧವೇ ಮೇಲುಗೈ ಪಡೆಯಿತು. ಕಾಡಿನ ಕಾಳಜಿ, ಗುಡ್ಡ ಕುಸಿತದ ಭಯ, ಮೀನುಗಾರರ ಆತಂಕ, ಮುಳುಗಡೆ ಸಂತ್ರಸ್ತರ ಅಸಮಾಧಾನ ಎಲ್ಲವೂ ಈ ವಿರೋಧದಲ್ಲಿ ಬೆರೆತಿವೆ. ಹೊರಗಿನಿಂದ ನೋಡುವವರಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ದೂರುಗಳಂತೆ ಕಾಣಬಹುದು. ಆದರೆ ಈ ನದಿಯ ಮುಕ್ಕಾಲು ಶತಮಾನದ ಇತಿಹಾಸವನ್ನು ಬಲ್ಲವರಿಗೆ ಅವುಗಳ ನಂಟು ಅರ್ಥವಾಗುತ್ತದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿದ ಮೈಸೂರು ಸಂಸ್ಥಾನವು ಮುಂದಿನ ದಶಕಗಳಲ್ಲಿ ಜೋಗದತ್ತ ಕಣ್ಣು ಹಾಯಿಸಿತು. 1948ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾಯಿತು. ಅದಕ್ಕೆ ನೀರು ಒದಗಿಸಲು ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬತೊಡಗಿದಾಗ ತಾನೇ ಮುಳುಗಿತು. ಸುಮಾರು 150 ಟಿಎಂಸಿ ಅಡಿ ನೀರು ಹಿಡಿಯುವ ಲಿಂಗನಮಕ್ಕಿಯ ಬಲದಿಂದ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಒಂದೊಂದಾಗಿ ಎದ್ದವು. ಇಂದು 1,035 ಮೆಗಾವಾಟ್ ಸಾಮರ್ಥ್ಯವಿರುವ ಆ ಕೇಂದ್ರವು ಹಲವು ವರ್ಷಗಳ ಕಾಲ ರಾಜ್ಯದ ವಿದ್ಯುತ್ ಪೂರೈಕೆಯ ಬೆನ್ನೆಲುಬಾಗಿತ್ತು. ಕರ್ನಾಟಕದ ಕೈಗಾರಿಕೆ ಅಗ್ಗದ ವಿದ್ಯುತ್ತಿನ ಮೇಲೆ ಬೆಳೆದದ್ದು ಈ ನದಿಯಿಂದ ಎಂಬ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ.

ಜಲಾಶಯದ ಇನ್ನೊಂದು ಮಗ್ಗುಲನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಳುಗಿದ್ದರಲ್ಲಿ ಕಣಿವೆಯ ತಳದ ಗದ್ದೆ ಮತ್ತು ತೋಟಗಳೂ ಇದ್ದವು, ಎಂದರೆ ಮಲೆನಾಡಿನಲ್ಲಿ ಅತ್ಯಂತ ಬೆಲೆಬಾಳುವ ನೆಲ. ಆ ನೆಲವನ್ನು ಉಳುತ್ತಿದ್ದವರಲ್ಲಿ ಬಹಳಷ್ಟು ಜನ ಗೇಣಿದಾರರು. ಗೇಣಿ ರೈತರ ಹಕ್ಕಿಗಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಆದರೆ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ನೀರು ತುಂಬಿ ಹತ್ತು ವರ್ಷಗಳಾದ ಮೇಲೆ. ಪರಿಹಾರವು ದಾಖಲೆಯಲ್ಲಿ ಹೆಸರಿದ್ದವರನ್ನು ಹುಡುಕಿಕೊಂಡು ಹೋಗುತ್ತದೆ. ದಾಖಲೆಯಲ್ಲಿ ಹೆಸರಿಲ್ಲದೆ ತಲೆಮಾರುಗಳಿಂದ ಅದೇ ಗದ್ದೆಯಲ್ಲಿ ದುಡಿದವರು ಏನನ್ನು ಕಳೆದುಕೊಂಡರೆಂಬುದನ್ನು ಬರೆದಿಡಲು ಆಗ ಕಾನೂನಿನಲ್ಲಿ ಸರಿಯಾದ ಅಂಕಣವೇ ಇರಲಿಲ್ಲ.

ನೆಲೆ ಕಳೆದುಕೊಂಡ ಕುಟುಂಬಗಳಿಗೆ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಅರಣ್ಯ ಪ್ರದೇಶಗಳಲ್ಲಿ ಜಾಗ ತೋರಿಸಲಾಯಿತು. ಅವರು ಕಾಡು ಕಡಿದು ಸಾಗುವಳಿ ಮಾಡಿದರು, ಮನೆ ಕಟ್ಟಿದರು, ಶಾಲೆ ಮತ್ತು ದೇವಸ್ಥಾನಗಳನ್ನು ಎಬ್ಬಿಸಿದರು. ಆದರೆ ಆ ಭೂಮಿಯ ಬಹುಭಾಗ ಕಡತದಲ್ಲಿ ಅರಣ್ಯವಾಗಿಯೇ ಉಳಿಯಿತು. ಕೊಟ್ಟಾಗಲೇ ಅರಣ್ಯದ ಪಟ್ಟಿಯಿಂದ ಬಿಡಿಸಿ ಕಂದಾಯ ದಾಖಲೆಗೆ ಸೇರಿಸಿದ್ದರೆ ಒಂದೆರಡು ವರ್ಷಗಳಲ್ಲಿ ಮುಗಿಯುತ್ತಿದ್ದ ಕೆಲಸ ಅದು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ರಾಜ್ಯದ ಕೈಯಿಂದಲೇ ಜಾರಿತು. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಲು ಕೇಂದ್ರದ ಒಪ್ಪಿಗೆ ಅನಿವಾರ್ಯವಾಯಿತು. ಕಳೆದ ದಶಕದಲ್ಲಿ ರಾಜ್ಯವು ಆ ಒಪ್ಪಿಗೆ ಇಲ್ಲದೆಯೇ ಈ ಭೂಮಿಯನ್ನು ಅರಣ್ಯದ ಪಟ್ಟಿಯಿಂದ ಕೈಬಿಡುವ ಡಿನೋಟಿಫಿಕೇಶನ್ ಆದೇಶಗಳನ್ನು ಹೊರಡಿಸಿತು, 2021ರಲ್ಲಿ ಹೈಕೋರ್ಟ್ ಅವುಗಳನ್ನು ರದ್ದುಪಡಿಸಿತು. ಕಾನೂನಿನ ದೃಷ್ಟಿಯಿಂದ ಆ ತೀರ್ಪು ಅನಿರೀಕ್ಷಿತವೇನಲ್ಲ. ಆದರೆ ಅದರ ಫಲವಾಗಿ, ಸರ್ಕಾರವೇ ಕರೆದೊಯ್ದು ಕೂರಿಸಿದ ಜಾಗದಲ್ಲಿ ಮೂರನೆಯ ತಲೆಮಾರಿನವರು ಒತ್ತುವರಿದಾರರೆಂಬ ಹೆಸರು ಹೊತ್ತು ಬದುಕುವಂತಾಗಿದೆ. ಪಹಣಿಯಿಲ್ಲದ ಭೂಮಿಗೆ ಬ್ಯಾಂಕ್ ಸಾಲವಿಲ್ಲ. ಅದನ್ನು ಮಾರುವುದಾಗಲೀ ಮಕ್ಕಳಿಗೆ ಕ್ರಮಬದ್ಧವಾಗಿ ಪಾಲು ಮಾಡಿಕೊಡುವುದಾಗಲೀ ಸಾಧ್ಯವಿಲ್ಲ.

ಊರು ಬಿಡದೆ ಹಿನ್ನೀರಿನ ಅಂಚಿಗೆ ಸರಿದು ಉಳಿದವರ ಸಂಕಷ್ಟ ಬೇರೆ ಬಗೆಯದು. ಕರೂರು, ಬಾರಂಗಿ ಹೋಬಳಿಗಳ ಜನಕ್ಕೆ ತಾಲ್ಲೂಕು ಕೇಂದ್ರವಾದ ಸಾಗರವೇ ನೀರಿನ ಆಚೆ ದಡದ ಊರಾಯಿತು. ಆಸ್ಪತ್ರೆಗೂ ಕಾಲೇಜಿಗೂ ಅವರು ಲಾಂಚ್ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹತ್ತಾರು ಕಿಲೋಮೀಟರ್ ಸುತ್ತುದಾರಿಯೇ ಗತಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಣೆಕಟ್ಟಿಗೂ ಈ ಸೇತುವೆಗೂ ನಡುವೆ ಆರು ದಶಕಗಳ ಅಂತರವಿದೆ.

ನದಿಯ ಕೆಳಭಾಗದ ಕಥೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಲ್ಲಿ, ಮೇಲಿನ ವಿದ್ಯುದಾಗಾರದಿಂದ ಹೊರಬರುವ ನೀರನ್ನೇ ಮತ್ತೆ ಬಳಸುವ 240 ಮೆಗಾವಾಟ್‌ನ ಟೇಲ್‌ರೇಸ್ ಯೋಜನೆ ಕಾರ್ಯಾರಂಭ ಮಾಡಿತು. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಹರಿದುಬರುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ಮೊದಲಿನಂತೆ ಏರುವುದಿಲ್ಲ. ಉಪ್ಪುನೀರನ್ನೇ ನಂಬಿದ ಚಿಪ್ಪುಮೀನುಗಳು ಶರಾವತಿಯ ಅಳಿವೆಯಲ್ಲಿ ಕ್ಷೀಣಿಸಿದ್ದು, ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಇಂದಿಗೂ ಹುಲುಸಾಗಿರುವುದು ವಿಜ್ಞಾನಿಗಳ ಅಧ್ಯಯನಗಳಲ್ಲಿ ದಾಖಲಾಗಿದೆ. ಚಿಪ್ಪು ಆರಿಸಿ ಮಾರಿ ಸಂಸಾರ ತೂಗಿಸುತ್ತಿದ್ದವರ ಹೆಸರು ಯಾವ ಸಂತ್ರಸ್ತರ ಪಟ್ಟಿಗೂ ಸೇರಲಿಲ್ಲ. ಅವರ ಮನೆ ಮುಳುಗಿರಲಿಲ್ಲ.

ಹೊಸ ಯೋಜನೆಯ ತರ್ಕ ಸರಳವಾದದ್ದು. ಪಾವಗಡದಂತಹ ಸೌರ ಪಾರ್ಕ್‌ಗಳಿಂದ ಹಗಲು ಹೇರಳವಾಗಿ ವಿದ್ಯುತ್ ಸಿಗುತ್ತದೆ, ಬೇಡಿಕೆ ಏರುವುದು ಸಂಜೆ. ಹಗಲಿನ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ನಾನೂರು ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ತಳಕಳಲೆ ಜಲಾಶಯಕ್ಕೆ ಎತ್ತಿ, ಸಂಜೆ ಅದನ್ನೇ ಕೆಳಗಿಳಿಸಿ ವಿದ್ಯುತ್ ಪಡೆಯುವುದು ಉದ್ದೇಶ. ಎರಡೂ ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆಯಿಲ್ಲ ಎಂಬ ಸಮರ್ಥನೆಯನ್ನು ತಳ್ಳಿಹಾಕಲಾಗದು. ನೀರೆತ್ತಲು ಬಳಸಿದ ವಿದ್ಯುತ್ತಿನಲ್ಲಿ ಐದನೆಯ ಒಂದು ಭಾಗದಷ್ಟು ನಷ್ಟವಾಗುತ್ತದೆಂಬುದು ನಿಜ, ಆದರೆ ವಿದ್ಯುತ್ ಸಂಗ್ರಹದ ಯಾವ ವಿಧಾನದಲ್ಲಿಯೂ ಒಂದಿಷ್ಟು ನಷ್ಟ ಇದ್ದೇ ಇರುತ್ತದೆ.

ತೊಡಕಿರುವುದು ಜಾಗದಲ್ಲಿ. ಸುರಂಗಗಳು, ಭೂಗತ ವಿದ್ಯುದಾಗಾರ ಮತ್ತು ಅವುಗಳಿಗೆ ಬೇಕಾದ ರಸ್ತೆಗಳು ಬರುವುದು, 2019ರಲ್ಲಿ ರಾಜ್ಯವೇ ಸಿಂಗಳೀಕದ ಹೆಸರಿನಲ್ಲಿ 930 ಚದರ ಕಿಲೋಮೀಟರ್‌ಗೆ ವಿಸ್ತರಿಸಿದ ಅಭಯಾರಣ್ಯದೊಳಗೆ. ಬೇಕಾಗಿರುವ ಅರಣ್ಯ ಸುಮಾರು 54 ಹೆಕ್ಟೇರ್. ಅಂಕಿ ಸಣ್ಣದೆನಿಸಬಹುದು, ಆದರೆ ಸಿಂಗಳೀಕವು ಮರದಿಂದ ಮರಕ್ಕೆ ದಾಟುತ್ತಾ ಬದುಕುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಮೇಲ್ಛಾವಣಿ ಕಡಿದುಹೋಗುವಂತೆ ಒಂದು ಅಗಲವಾದ ರಸ್ತೆ ಬಂದರೆ ಸಾಕು, ಅದರ ಎರಡು ಬದಿಯ ಗುಂಪುಗಳು ಬೇರೆಯಾಗುತ್ತವೆ. ಇದೇ ಕಣಿವೆಯ ಜೌಗು ತಗ್ಗುಗಳಲ್ಲಿ ರಾಮಪತ್ರೆ ಜಡ್ಡಿಗಳು, ಎಂದರೆ ರಾಮಪತ್ರೆ ಜಾತಿಯ ಮರಗಳ ಜೌಗುಕಾಡುಗಳಿವೆ. ಒಮ್ಮೆ ನೀರಿನ ಸೆಲೆ ತಪ್ಪಿದರೆ ಅವುಗಳನ್ನು ನೆಟ್ಟು ಬೆಳೆಸಲಾಗದು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ, ಕಡಿದಾದ ಘಟ್ಟದಲ್ಲಿ ಬಂಡೆ ಸಿಡಿಸುವ ಮಾತೆಂದರೆ ಉತ್ತರ ಕನ್ನಡದ ಜನ ಬೆಚ್ಚಿಬೀಳುವುದು ಸಹಜವೇ ಆಗಿದೆ. ಬ್ಯಾಟರಿಗಳ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವಾಗ, ಅಭಯಾರಣ್ಯದ ಹೊರಗಿನ ಪರ್ಯಾಯಗಳನ್ನು ಇಷ್ಟೇ ಶ್ರದ್ಧೆಯಿಂದ ತೂಗಿ ನೋಡಲಾಗಿದೆಯೇ ಎಂಬ ಪ್ರಶ್ನೆಗೆ ಈವರೆಗೆ ಸಮಾಧಾನಕರ ಉತ್ತರ ಬಂದಿಲ್ಲ.

2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯು ಯೋಜನೆಗೆ ತಾತ್ವಿಕ ಒಪ್ಪಿಗೆ ನೀಡಿತು. ಅರಣ್ಯ ಭೂಮಿಗಾಗಿ ಅದು ಹಾದುಹೋಗಬೇಕಾದ ಕಾಯ್ದೆ 1980ರದೇ, ಮುಳುಗಡೆ ಕುಟುಂಬಗಳ ಭೂಮಿಗೆ ಅಡ್ಡಬಂದಿರುವ ಅದೇ ಕಾಯ್ದೆ. ಯೋಜನೆಯ ಕಡತಕ್ಕೆ ನಕ್ಷೆ, ಸಮೀಕ್ಷೆ, ಪರಿಹಾರ ಅರಣ್ಯೀಕರಣದ ಪ್ರಸ್ತಾವ ಎಲ್ಲವೂ ಕೆಲವೇ ವರ್ಷಗಳಲ್ಲಿ ಸಿದ್ಧವಾಗಿವೆ. ಸಂತ್ರಸ್ತರ ಭೂಮಿಗೂ ಬೇಕಾಗಿರುವುದು ಹೆಚ್ಚುಕಡಿಮೆ ಅಂತಹವೇ ಕಾಗದಪತ್ರಗಳು. ಕಣಿವೆಯಿಂದ ಹೊಸದೊಂದು ತ್ಯಾಗವನ್ನು ಕೇಳುವ ಮೊದಲು ಆ ಕಡತವನ್ನು ಪೂರ್ಣಗೊಳಿಸಿ ದೆಹಲಿಯಿಂದ ಒಪ್ಪಿಗೆ ತರುವುದು ರಾಜ್ಯಕ್ಕೆ ಅಸಾಧ್ಯವಾದ ಕೆಲಸವಲ್ಲ.